ಗೋಡೆಯಾಚೆಯ ಸದ್ದಿನ ಮೇಲೆ ನಾನು ಕೊಟ್ಟಿದ್ದ ದೂರು

ಮಾನ್ಯ ಜಂಟಿ ನಿರ್ದೇಶಕರೇ,

1999ರ ಆಗಸ್ಟ್ ಮೂವತ್ತರಂದು ನಾನು ನಿಮ್ಮ ಕಚೇರಿಗೆ ಒಂದು ದೂರು ಬರೆದಿದ್ದೆ. ಈ ವರ್ಷ ಜನವರಿ ಐದರಂದು ನೀವು ಅದರ ಮೇಲೆ ಕ್ರಮ ಕೈಗೊಂಡಿದ್ದೀರಿ. ಈಗ ನನ್ನ ದೂರು ಇರುವುದು ನೀವು ಕ್ರಮ ಕೈಗೊಂಡದ್ದರ ಬಗ್ಗೆಯೇ.

ನಿಮ್ಮ ಮೇಜಿನ ಮೇಲೆ ಕಡತ ಇದೆ, ಪತ್ರಿಕೆಯಲ್ಲಿ ಇದನ್ನು ಓದುವವರ ಮುಂದೆ ಇಲ್ಲ. ಆದ್ದರಿಂದ ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರಂಗಿ ನಾಲೆಯ ಪಕ್ಕದ ನಮ್ಮ ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಗ್ರಂಥಪಾಲಕನಾಗಿದ್ದೆ. ಗ್ರಂಥಾಲಯಕ್ಕೂ ಪಕ್ಕದ ಜಿಮ್ನಾಸ್ಟಿಕ್ಸ್ ಶೆಡ್ಡಿಗೂ ನಡುವೆ ಒಂದೇ ಒಂದು ತೆಳು ಗೋಡೆ. ಆಚೆ ಹುಡುಗಿಯರು ಓಡಿಬಂದು ಮರದ ಕುದುರೆಯನ್ನು, ಎಂದರೆ ಕೈಯೂರಿ ಜಿಗಿಯುವ ಎತ್ತರದ ದಿಮ್ಮಿಯನ್ನು, ಹಾರಿ ಇಳಿದರೆ ಈಚೆ ಬೀರುವಿನ ಗಾಜು ನಡುಗುತ್ತದೆ. ಆ ಶೆಡ್ಡನ್ನು ಅಲ್ಲಿಂದ ಎತ್ತಿಸಿ ಎಂದು ಅಂದು ನಾನು ಬರೆದಿದ್ದೆ. ನಿಮ್ಮ ಆದೇಶ ಹೇಳುತ್ತದೆ: ಜನವರಿ ಮೂವತ್ತೊಂದರೊಳಗೆ ಶೆಡ್ಡನ್ನು ಖಾಲಿ ಮಾಡಬೇಕು, ಅಲ್ಲಿರುವ ಸಾಮಾನುಗಳನ್ನು ಅನುಪಯುಕ್ತವೆಂದು ವಿಲೇವಾರಿ ಮಾಡಬೇಕು, ತರಬೇತುದಾರರಾದ ಪೊನ್ನಮ್ಮ ಅವರು ಉಳಿದ ಸೇವಾವಧಿಯನ್ನು ಪರೀಕ್ಷಾ ವಿಭಾಗದಲ್ಲಿ ಕಳೆಯಬೇಕು, ಶೆಡ್ಡು 'ಶಾಂತ ವಾಚನಾಲಯ'ವಾಗಬೇಕು. ಫೆಬ್ರವರಿ ಎಂಟಕ್ಕೆ ಅಂತರ ಕಾಲೇಜು ಸ್ಪರ್ಧೆ ಇದೆ. ಪೊನ್ನಮ್ಮನವರ ಶಿಷ್ಯೆ, ಎರಡನೇ ವರ್ಷದ ಬಿ.ಕಾಂ. ಓದುವ ಅಶ್ವಿತಾ, ಅದಕ್ಕಾಗಿ ಒಂದೂವರೆ ವರ್ಷದಿಂದ ಅದೇ ಕುದುರೆಯನ್ನು ಹಾರುತ್ತಿದ್ದಾಳೆ. ನಿಮ್ಮ ಗಡುವಿಗೂ ಅವಳ ಸ್ಪರ್ಧೆಗೂ ನಡುವಿನ ಎಂಟು ದಿನ ಅವಳು ಏನನ್ನು ಹಾರಬೇಕು ಎಂಬುದನ್ನು ಆದೇಶ ಹೇಳುವುದಿಲ್ಲ. ಪರೀಕ್ಷಾ ವಿಭಾಗದ ಮೇಜನ್ನೇ?

ಒಂದು ಅರ್ಜಿಗೆ ಇಪ್ಪತ್ತಾರು ವರ್ಷ ಹಿಡಿಯಿತು ಎಂದು ನಾನು ಆಕ್ಷೇಪಿಸುತ್ತಿಲ್ಲ. ನನ್ನ ಆಕ್ಷೇಪ ಇಪ್ಪತ್ತಾರೇ ವರ್ಷ ಏಕೆ ಎಂಬುದು. ಇನ್ನು ನಾಲ್ಕು ವರ್ಷ ತಡೆದಿದ್ದರೆ ಪೊನ್ನಮ್ಮ ತಾವಾಗಿಯೇ ನಿವೃತ್ತರಾಗುತ್ತಿದ್ದರು, ನಾನೂ ಪ್ರಾಯಶಃ ಯಾವ ಸದ್ದೂ ಕೇಳದ ಜಾಗ ಸೇರಿರುತ್ತಿದ್ದೆ, ದೂರು ತನ್ನಷ್ಟಕ್ಕೆ ಇತ್ಯರ್ಥವಾಗುತ್ತಿತ್ತು. ಬಾಕಿ ಕಡತಗಳ ವಿಲೇವಾರಿಗೆ ಅಭಿಯಾನ ನಡೆಯುತ್ತಿದೆ ಎಂದು ಕೇಳಿದೆ. ಕಪಾಟಿನ ತಳದಲ್ಲಿ ನಿಶ್ಚಿಂತೆಯಿಂದ ಮಲಗಿದ್ದ ನನ್ನ ಕಾಗದವನ್ನು ಯಾರೋ ಶ್ರದ್ಧಾವಂತರು ಎಬ್ಬಿಸಿದ್ದಾರೆ. ಸ್ವಾಮೀ, ನಿಮ್ಮ ಕಚೇರಿ ಏನನ್ನೂ ಮಾಡುವುದಿಲ್ಲ ಎಂಬ ಭರವಸೆಯ ಮೇಲೆ ನಾವು ಇಷ್ಟು ವರ್ಷ ನೆಮ್ಮದಿಯಾಗಿ ಬದುಕಿದ್ದೆವು. ಮುನ್ಸೂಚನೆ ಕೊಡದೆ ಹೀಗೆ ಕೆಲಸ ಮಾಡಿಬಿಡುವುದು ಯಾವ ನ್ಯಾಯ?

ಪೊನ್ನಮ್ಮ ನಮ್ಮ ಕಾಲೇಜಿಗೆ ಬಂದದ್ದೂ ನಿಮ್ಮ ಕಚೇರಿಯ ಕೃಪೆಯಿಂದಲೇ. ಅದು 1998ರ ಮಾತು. ನೀವಾಗ ಬೇರೆ ಎಲ್ಲಿಯೋ ಇದ್ದಿರಬೇಕು, ನಾನು ಇಲ್ಲಿಯೇ ಇದ್ದೆ. ನಮ್ಮ ಪ್ರಾಂಶುಪಾಲರು ಹಾಕಿ ತರಬೇತುದಾರರೊಬ್ಬರು ಬೇಕು ಎಂದು ಕೇಳಿದ್ದರು. ಕೊಡಗಿನಲ್ಲಿ ಬೇರೆ ಏನನ್ನು ಕೇಳುತ್ತಾರೆ? ಇಲ್ಲಿ ಮಗು ತೊಟ್ಟಿಲಿನಿಂದ ಇಳಿಯುವ ಮೊದಲೇ ಮನೆಯವರು ಹಾಕಿ ಸ್ಟಿಕ್ಕಿನ ಅಳತೆ ನೋಡಿರುತ್ತಾರೆ. ಜೂನ್ ತಿಂಗಳ ಒಂದು ಸೋಮವಾರ ಹತ್ತೊಂಬತ್ತು ಹುಡುಗರು ಸ್ಟಿಕ್ ಹಿಡಿದು ಗೇಟಿನ ಬಳಿ ಸಾಲಾಗಿ ನಿಂತಿದ್ದರು. ಬಸ್ಸಿನಿಂದ ಇಳಿದದ್ದು ನಾಲ್ಕಡಿ ಹನ್ನೊಂದು ಅಂಗುಲದ, ಇಪ್ಪತ್ತೆಂಟು ವರ್ಷದ ಒಬ್ಬ ಹೆಣ್ಣುಮಗಳು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಅಂಗೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಡಬ್ಬ. ಚೇರಂಬಾಣೆ ಕಡೆಯ ಅರೆಭಾಷೆ ಗೌಡರ ಮನೆಯವರು. ಊರವರೇ ಆದರೂ ಆಟ ಪರದೇಶದ್ದು.

'ಹಾಕಿ ಬರುತ್ತಾ ಮೇಡಂ?' ಎಂದು ಪ್ರಾಂಶುಪಾಲರು ಕೇಳಿದರಂತೆ.

'ನೋಡ್ಲಿಕ್ಕೆ ಬರ್ತದೆ ಸರ್. ನಮ್ಮನೇಲಿ ಎಲ್ರೂ ಆಡ್ತಾರೆ. ನಾನೊಬ್ಳೇ ಪಲ್ಟಿ ಹೊಡಿಯೋದು.'

ಪ್ರಾಂಶುಪಾಲರು ನಿಮ್ಮ ಕಚೇರಿಗೆ ಬರೆದರು. ಮೂರು ತಿಂಗಳ ಮೇಲೆ ಉತ್ತರ ಬಂತು: 'ಸದರಿ ಆದೇಶದಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ.' ಆ ಹೊತ್ತಿಗೆ ಬಯಲುಸೀಮೆಯ ಯಾವುದೋ ಕಾಲೇಜಿನಲ್ಲಿ ಹಾಕಿ ತರಬೇತುದಾರರೊಬ್ಬರು ಪ್ಯಾರಲಲ್ ಬಾರ್ ಮುಂದೆ ನಿಂತು, ಇದರ ಮೇಲೆ ಬಟ್ಟೆ ಒಣಗಿಸುತ್ತಾರೋ ಏನೋ ಎಂದು ಯೋಚಿಸುತ್ತಿದ್ದಿರಬೇಕು. ನನ್ನ ನೆನಪಿನಲ್ಲಿ ನಿಮ್ಮ ಕಚೇರಿ ನಮ್ಮ ಕಾಲೇಜಿಗೆ ಮಾಡಿದ ಅತ್ಯುತ್ತಮ ಕೆಲಸ ಆ ತಪ್ಪು. ಈಗ ನೀವು ಮಾಡಹೊರಟಿರುವುದು ಪೂರ್ತಿ ನಿಯಮಬದ್ಧವಾಗಿದೆ. ನನಗೆ ಭಯವಾಗಿರುವುದು ಅದಕ್ಕೇ.

ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಪಕ್ಕದ ಖಾಲಿ ಶೆಡ್ಡು. ಉಪಕರಣಗಳನ್ನು ಕೇಳಿ ಅವರು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ನೀವು ಆ ಪತ್ರಗಳನ್ನೂ ಈ ಅಭಿಯಾನದಲ್ಲಿ ಹುಡುಕಿಸಬೇಕೆಂದು ಕೋರುತ್ತೇನೆ. ನನ್ನ ದೂರಿಗಿಂತ ಒಂದು ವರ್ಷ ಹಿರಿಯವು ಅವು. ಹಾರುವ ಕುದುರೆಯ ಮೈಯನ್ನು ಊರಿನ ಬಡಗಿ ಹಲಸಿನ ಮರದಲ್ಲಿ ಕೊರೆದುಕೊಟ್ಟ. ಮೇಲೆ ಹಾಸಲು ಮೆತ್ತೆ ಬೇಕಿತ್ತು. ದುಬಾರೆ ಆನೆ ಶಿಬಿರದಲ್ಲಿ ನಿವೃತ್ತರಾಗಿದ್ದ ಮಾವುತರೊಬ್ಬರು, ಅವರ ಮಗಳು ನಮ್ಮಲ್ಲಿ ಪಿಯುಸಿ ಓದುತ್ತಿದ್ದಳು, ಹಳೆಯ ಗಾದಿಯೊಂದನ್ನು ಜೀಪಿನಲ್ಲಿ ಹಾಕಿಕೊಂಡು ತಂದರು. ಆನೆಯ ಬೆನ್ನಿಗೆ ಬಿಗಿಯುವ, ಹುಲ್ಲು ತುಂಬಿದ ದಪ್ಪ ಗೋಣಿಯ ಗಾದಿ.

'ಆನೆ ಬೆನ್ನಿಗೆ ಸಾಕಾಗಿದ್ದು ಈ ಮಕ್ಳ ಕೈಗೆ ಸಾಲ್ದಾ ಅವ್ವಾ?' ಎಂದು ಕೇಳಿ ಅವರೇ ಹಗ್ಗ ಬಿಗಿದು ಕಟ್ಟಿಕೊಟ್ಟರು. ಹೀಗೆ ಜಗತ್ತಿನಲ್ಲಿ ಆನೆಯ ಗಾದಿ ಹೊತ್ತ ಕುದುರೆ ಇರುವುದು ನಮ್ಮ ಕಾಲೇಜಿನಲ್ಲಿ ಮಾತ್ರ. ಇಳಿಯುವ ಜಾಗಕ್ಕೆ ಕಾಫಿ ಕ್ಯೂರಿಂಗ್ ಕಾರ್ಖಾನೆಯಿಂದ ಹೊಟ್ಟು ತುಂಬಿಸಿ ತಂದ ಮೂಟೆಗಳು. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಹಳೆಯ ಹೊಟ್ಟು ತೆಗೆದು ಹೊಸದು ತುಂಬುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ಪೊನ್ನಮ್ಮನವರ ಶಿಷ್ಯೆಯರು ಸಂಜೆ ಮನೆಗೆ ಹೋಗುವಾಗ ಮೈಯಿಂದ ಕಾಫಿ ಹೊಟ್ಟಿನ ವಾಸನೆ ಹೊಡೆಯುತ್ತದೆ. ನಿಮ್ಮ ತಂಡ ಮೊನ್ನೆ ಬಂದು ಪಟ್ಟಿ ಮಾಡಿದಾಗ ಆ ಗಾದಿಯನ್ನು 'ಗುರುತಿಸಲಾಗದ ವಸ್ತು — 1' ಎಂದು ಬರೆದುಕೊಂಡಿದೆ. ಆನೆಯೊಂದನ್ನು ಕರೆಸಿದ್ದರೆ ಗುರುತಿಸುತ್ತಿತ್ತು.

ಇನ್ನು ನನ್ನ ಪಾಪಕ್ಕೆ ಬರುತ್ತೇನೆ.

ನಾನು ಮೌನವನ್ನು ಪೂಜಿಸುವವನು. ಓದುವವರ ಪಕ್ಕದಲ್ಲಿ ಕುರ್ಚಿ ಎಳೆದರೂ ನನಗೆ ಸಿಟ್ಟು ಬರುತ್ತಿತ್ತು. ಅಂಥವನ ಗೋಡೆಯಾಚೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಧಡ್ ಎಂದರೆ ಏನಾಗಬೇಡ? 1999ರ ಜುಲೈ ಒಂದರಿಂದ ಆಗಸ್ಟ್ ಕೊನೆಯ ವಾರದವರೆಗೆ ನಾನು ಒಂದು ರಿಜಿಸ್ಟರ್ ಇಟ್ಟೆ. ತಾರೀಕು, ಹೊತ್ತು, ಎಷ್ಟು ಧಡ್. ಪುಸ್ತಕ ಕೇಳಲು ಬಂದವರಿಗೆ ತಾಳಿ ಎಂದು ಕೈ ತೋರಿಸಿ, ಮೊದಲು ಧಡ್ ಬರೆದುಕೊಳ್ಳುತ್ತಿದ್ದೆ. ಮಳೆಗೆ ರಜೆ ಘೋಷಿಸಿದ ದಿನವೂ ಹೋಗಿ ಕೂತೆ. ಆ ರಿಜಿಸ್ಟರಿನ ಪ್ರತಿಯನ್ನು ಲಗತ್ತಿಸಿ, ಜೊತೆಗೆ ನಾಲ್ಕು ಪುಟದ ಪತ್ರ ಬರೆದೆ. 'ಈ ಸದ್ದಿನ ನೆರೆಯಲ್ಲಿ ಸರಸ್ವತಿ ಒಂದು ಗಳಿಗೆಯೂ ಕೂರಲಾರಳು' ಎಂಬ ವಾಕ್ಯದಲ್ಲಿ ಮುಗಿಸಿದೆ. ಆ ವಾಕ್ಯವನ್ನು ನಿಮ್ಮ ಆದೇಶದಲ್ಲಿ ಉದ್ಧರಿಸಿದ್ದೀರಿ. ಜೀವನಪೂರ್ತಿ ಬರೆಯಲು ಹಂಬಲಿಸಿದ ಮನುಷ್ಯ ನಾನು. ನನ್ನ ಗದ್ಯವನ್ನು ಮೊದಲ ಬಾರಿಗೆ ಉದ್ಧರಿಸಿದವರು ನೀವು. ನಾನು ಎಷ್ಟು ನೊಂದಿದ್ದೇನೆಂದರೆ ಸಂತೋಷಪಡಲೂ ಆಗುತ್ತಿಲ್ಲ.

ಇನ್ನೂ ಒಂದು ವಿಷಯ ಹೇಳಿಬಿಡಬೇಕು. ಆಗಸ್ಟ್ ಮೂರನೇ ತಾರೀಕಿನ ಸಾಲನ್ನು ನೋಡಿ: 'ಧಡ್ — 22'. ಅದು ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಕೂಡಿಬರುವ ದಿನವೆಂದು ಇಲ್ಲಿಯವರ ನಂಬಿಕೆ. ಆ ಮಧ್ಯಾಹ್ನ ಪೊನ್ನಮ್ಮ ಸ್ಟೀಲ್ ಡಬ್ಬದಲ್ಲಿ ನೇರಳೆ ಬಣ್ಣದ ಪಾಯಸ ತಂದು ನನ್ನ ಮೇಜಿನ ಮೇಲಿಟ್ಟರು. 'ಸರ್, ನೀವು ಹಾಸನದ ಕಡೆಯವ್ರು, ಮನೇಲಿ ಮಾಡಿರ್ಲಿಕ್ಕಿಲ್ಲ ಅಂತ ತಂದೆ' ಎಂದರು. ನಾನು ರಿಜಿಸ್ಟರಿನ ಮೇಲೆ ದಿನಪತ್ರಿಕೆ ಮುಚ್ಚಿ, ಪಾಯಸ ತಿಂದು, ಡಬ್ಬ ತೊಳೆದು ಕೊಟ್ಟು, ಅವರು ಆಚೆ ಹೋದ ಮೇಲೆ ಪತ್ರಿಕೆ ಸರಿಸಿ ಹದಿನೈದನೇ ಧಡ್‌ನಿಂದ ಮುಂದುವರಿಸಿದೆ.

ದೂರಿಗೆ ಹೆಸರು ಹಾಕುವ ಧೈರ್ಯವೂ ನನಗಿರಲಿಲ್ಲ. 'ಗ್ರಂಥಪಾಲಕರು' ಎಂಬ ಹುದ್ದೆಯ ಮೊಹರು ಒತ್ತಿ ಕಳಿಸಿದೆ. ಇದು ಮುಂದೆ ಎಂಥ ಫಲ ಕೊಟ್ಟಿತು ಎಂಬುದನ್ನು ನೋಡುವಿರಿ.

2003ರಲ್ಲಿ ನಾನು ಗ್ರಂಥಾಲಯದ ಏಣಿಯಿಂದ ಬಿದ್ದೆ. ಮೇಲಿನ ಅರೆಯಲ್ಲಿದ್ದ ವಿಶ್ವಕೋಶದ ಸಂಪುಟವೊಂದನ್ನು ತೆಗೆಯುತ್ತಿದ್ದೆ. ಆ ದಿನ ಮೊದಲ ಬಾರಿಗೆ ಧಡ್ ಸದ್ದು ಈಚೆಯಿಂದ ಆಚೆಗೆ ಹೋಯಿತು. ಪೊನ್ನಮ್ಮ ಓಡಿಬಂದರು. ನನ್ನ ಬಲ ಮುಂಗೈ ಹಿಡಿದು ನೋಡಿ ಅವರು ಹೇಳಿದ ಮೊದಲ ಮಾತು ಅಯ್ಯೋ ಪಾಪ ಎಂದಲ್ಲ.

'ಕೈ ಊರಿದ್ರಿ ಅಲ್ವಾ ಸರ್? ಬೀಳುವಾಗ ಕೈ ಊರೋದು ದೊಡ್ಡ ತಪ್ಪು. ನೆಲ ಬೇಡ ಅಂತ ಜಗಳ ಮಾಡಿದ್ರೆ ನೆಲ ಕೈ ಮುರೀತದೆ.'

ಮುರಿದೇ ಇತ್ತು. ಪಟ್ಟಿ ಬಿಚ್ಚಿದ ಮೇಲೆ ಅವರು ನನ್ನನ್ನು ಶೆಡ್ಡಿಗೆ ಕರೆದರು. ಐವತ್ತೊಂದು ವರ್ಷದ, ಕನ್ನಡಕದ, ಪಂಚೆಯ ಬದಲು ಮಹೇಶನ, ಎಂದರೆ ನನ್ನ ಮಗನ, ಹಳೆಯ ಪ್ಯಾಂಟು ತೊಟ್ಟ ಗ್ರಂಥಪಾಲಕ ಕಾಫಿ ಹೊಟ್ಟಿನ ಮೂಟೆಗಳ ಮೇಲೆ ಬೀಳುವುದನ್ನು ಕಲಿತ. ಗದ್ದವನ್ನು ಎದೆಗೆ ಒತ್ತಬೇಕು, ಬೆನ್ನನ್ನು ಬಿಲ್ಲು ಮಾಡಬೇಕು, ಭುಜದಿಂದ ಸೊಂಟಕ್ಕೆ ಓರೆಯಾಗಿ ಉರುಳಬೇಕು. 'ಕೈ ಬೊತ್ತು, ಕೈ ಬೊತ್ತು!' ಎಂದು ಅವರು ಅರೆಭಾಷೆಯಲ್ಲಿ ಕೂಗುತ್ತಿದ್ದರು. ಕೈ ಬೇಡ ಎಂದು ಅರ್ಥ. ಗೋಡೆಯಾಚೆಯಿಂದ ವರ್ಷಗಟ್ಟಲೆ ಆ ಕೂಗು ಕೇಳಿದ್ದೆ. ಅದು ಗದರಿಕೆ ಅಲ್ಲ, ಪಾಠ ಎಂದು ಗೊತ್ತಾದದ್ದು ಆಗ. ಅವರಲ್ಲಿಗೆ ಬಂದ ಯಾವ ಮಗುವಿಗೂ ಮೊದಲ ಒಂದು ತಿಂಗಳು ಹಾರುವುದನ್ನು ಕಲಿಸುವುದಿಲ್ಲ, ಬೀಳುವುದನ್ನಷ್ಟೇ ಕಲಿಸುತ್ತಾರೆ ಎಂಬುದೂ ಆಗಲೇ ಗೊತ್ತಾದದ್ದು. ನಾನು ಎಣಿಸಿದ್ದ ಧಡ್‌ಗಳಲ್ಲಿ ಅರ್ಧಕ್ಕರ್ಧ ಅದೇ ಪಾಠ.

ಹಾಗಾದರೆ 2003ರಲ್ಲೇ ದೂರನ್ನು ಏಕೆ ಹಿಂತೆಗೆದುಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಿಂತೆಗೆದುಕೊಳ್ಳಲು ಹೋದರೆ ಅಂಥದೊಂದು ದೂರು ಇದೆ ಎಂದು ಅವರಿಗೆ ತಿಳಿಯುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅದು ನಿಮ್ಮ ಕಚೇರಿಯಲ್ಲಿ ಭದ್ರವಾಗಿ ಸತ್ತಿರುತ್ತದೆ ಎಂದುಕೊಂಡೆ. ನಿಮ್ಮ ಮೇಲಿನ ನಂಬಿಕೆ ನನ್ನನ್ನು ಹಾಳುಮಾಡಿತು.

ಜನವರಿ ಹನ್ನೊಂದು, ಭಾನುವಾರ. ನಾನೂ ನನ್ನ ಹೆಂಡತಿ ಲಿಂಗಮ್ಮನೂ ಅಂಗಳದಲ್ಲಿ ಕಾಫಿ ಹರಡುತ್ತಿದ್ದೆವು. ಪೊನ್ನಮ್ಮ ಸ್ಕೂಟರಿನಲ್ಲಿ ಬಂದರು. ಒಂದು ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ, ಇನ್ನೊಂದರಲ್ಲಿ ಕಂದು ಲಕೋಟೆ.

'ಸರ್, ಬಾಯಿ ಸಿಹಿ ಮಾಡಿ. ನಿಮ್ಮ ಅರ್ಜಿ ಪಾಸಾಯ್ತು.'

ಯಾವ ಅರ್ಜಿ ಎಂದು ಕೇಳುವಷ್ಟರಲ್ಲಿ ನನ್ನದೇ ಅಕ್ಷರದ ನಕಲನ್ನು ನನ್ನ ಮುಂದೆ ಹಿಡಿದರು. ಆದೇಶದ ಜೊತೆ ನಿಮ್ಮವರು ಅನುಬಂಧ ಒಂದು ಎಂದು ನನ್ನ ಪತ್ರವನ್ನೂ ಅನುಬಂಧ ಎರಡು ಎಂದು ಇಡೀ ರಿಜಿಸ್ಟರನ್ನೂ ಲಗತ್ತಿಸಿ ಕಳಿಸಿದ್ದರು. ಜಗಲಿಯಲ್ಲಿ ಕೂತು ಪೊನ್ನಮ್ಮ ಲಿಂಗಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು, ಸರಸ್ವತಿಯವರೆಗೆ.

'ಏನ್ರೀ ಇದು?' ಎಂದಳು ಲಿಂಗಮ್ಮ. 'ಎರಡು ತಿಂಗ್ಳು ದಿನಾ ಕತ್ಲಾದ್ಮೇಲೆ ಬಂದು ಲೈಬ್ರರೀಲಿ ಕೆಲ್ಸ ಜಾಸ್ತಿ ಅಂತಿದ್ರಲ್ಲ, ಈ ಕೆಲ್ಸವಾ? ಆ ಸರಸ್ವತಿ ಕೂರ್ತಾಳೋ ಇಲ್ವೋ, ನೀವು ಹೋಗಿ ಕೇಳ್ಕೊಂಡ್ ಬಂದಿದ್ರಾ?'

'ಬೈಬೇಡಿ ಲಿಂಗಮ್ಮಕ್ಕಾ. ಎಷ್ಟು ಚಂದ ಬರ್ದಿದ್ದಾರೆ ನೋಡಿ. ನನ್ನ ಮೇಲೆ ಇಷ್ಟು ಚಂದ ಯಾರೂ ಬರ್ದಿಲ್ಲ. ಇಲ್ಲಿ ನೋಡಿ, ಆಗಸ್ಟ್ ಮೂರು. ಪಾಯಸ ತಿಂದ ಮೇಲೂ ಲೆಕ್ಕ ತಪ್ಪಿಲ್ಲ.'

'ಪಾಯಸ ತಿಂದ್ರಾ!' ಎಂದು ಲಿಂಗಮ್ಮ ಕಾಫಿ ಹರಡುವ ಹಲಗೆಯನ್ನು ಕೆಳಗೆ ಹಾಕಿದಳು. ಆ ಮೇಲೆ ಎರಡು ದಿನ ಅವಳು ನನಗೆ ಸಿಹಿ ಏನನ್ನೂ ಕೊಡಲಿಲ್ಲ.

ನಗುತ್ತಲೇ ಇದ್ದ ಪೊನ್ನಮ್ಮ ಹೊರಡುವಾಗ ಲಕೋಟೆಯನ್ನು ಮಡಚಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ನನ್ನ ಕಡೆ ತಿರುಗಿದರು. 'ಸರ್, ಆಗ ನೇರ ಬಂದು ಹೇಳ್ಬಹುದಿತ್ತು. ನಿಮ್ಮ ಬಾಗ್ಲಿಂದ ನನ್ನ ಬಾಗ್ಲಿಗೆ ಇಪ್ಪತ್ತು ಹೆಜ್ಜೆ' ಎಂದರು. ಆಮೇಲೆ, 'ಅಶ್ವಿತಾಗೆ ಇನ್ನೂ ಹೇಳಿಲ್ಲ. ಕಾಲಲ್ಲಿ ಭಯ ಸೇರಿದ್ರೆ ಓಟ ಕೆಡ್ತದೆ' ಎಂದು ಹೊರಟುಹೋದರು.

ಮಾನ್ಯರೇ, ಇಪ್ಪತ್ತು ಹೆಜ್ಜೆ ನಡೆಯಬೇಕಾದವನು ಇಪ್ಪತ್ತಾರು ವರ್ಷದ ದಾರಿ ಹಿಡಿದೆ. ಅದು ನನ್ನ ತಪ್ಪು. ಆದರೆ ಅದರ ಶಿಕ್ಷೆ ತಪ್ಪಾದ ವಿಳಾಸಕ್ಕೆ ಹೋಗಿದೆ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ವಿಷಯ ನಿರ್ವಾಹಕರು ಸಿಕ್ಕರು, ಸಜ್ಜನರು, ಕುರ್ಚಿ ಕೊಟ್ಟರು. ದೂರನ್ನು ಹಿಂತೆಗೆದುಕೊಳ್ಳಬೇಕು ಎಂದೆ.

'ಏನ್ ಯಜಮಾನ್ರೇ, ಕೆಲ್ಸ ಆಗ್ಲಿಲ್ಲ ಅಂತ ಜನ ಬರ್ತಾರೆ. ಆಗೋಯ್ತು ಅಂತ ಬಂದಿರೋರು ನೀವೇ ಮೊದ್ಲು.'

ಕಡತ ತಿರುವಿ ನೋಡಿ ಅವರು ತಲೆಯಾಡಿಸಿದರು. ದೂರಿನಲ್ಲಿ ನನ್ನ ಹೆಸರಿಲ್ಲ, ಇರುವುದು ಹುದ್ದೆಯ ಮೊಹರು. ಆದ್ದರಿಂದ ದೂರುದಾರರು ಸಣ್ಣಸ್ವಾಮಿಯಾದ ನಾನಲ್ಲ, ಗ್ರಂಥಪಾಲಕರು. ಈಗ ಆ ಹುದ್ದೆಯಲ್ಲಿ ಇರುವವರು ಬರೆದುಕೊಟ್ಟರೆ ಮಾತ್ರ ಹಿಂತೆಗೆದುಕೊಳ್ಳಲು ಸಾಧ್ಯ. ಹಾಗೆಯೇ ಶೆಡ್ಡು ಖಾಲಿಯಾದ ಮೇಲೆ 'ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ' ಎಂದು ಸಹಿ ಹಾಕಬೇಕಾದವರೂ ಅವರೇ.

ಈಗ ಗ್ರಂಥಪಾಲಕರು ಯಾರು ಎಂದು ನಿಮಗೆ ಗೊತ್ತೇ? 2012ರಲ್ಲಿ ನಾನು ನಿವೃತ್ತನಾದ ಮೇಲೆ ಆ ಹುದ್ದೆಗೆ ನೀವು ಯಾರನ್ನೂ ಕಳಿಸಿಲ್ಲ, ತಪ್ಪಾಗಿಯಾದರೂ ಕಳಿಸಿಲ್ಲ. ಹದಿಮೂರು ವರ್ಷದಿಂದ ಪ್ರಭಾರದಲ್ಲಿ ಇರುವವರು ಪೊನ್ನಮ್ಮ. ಬೆಳಿಗ್ಗೆ ಬೀಗ ತೆಗೆಯುವವರು ಅವರೇ, ಹುಳ ಹಿಡಿಯದಂತೆ ಪುಸ್ತಕಗಳನ್ನು ಬಿಸಿಲಿಗೆ ಹಾಕುವವರೂ ಅವರೇ. ಶೆಡ್ಡಿನಲ್ಲಿ ಸರದಿ ಕಾಯುವ ಹುಡುಗಿಯರನ್ನು ಗ್ರಂಥಾಲಯಕ್ಕೆ ಅಟ್ಟುತ್ತಾರೆ. 'ಮೈ ಆರುವವರೆಗೆ ಎರಡು ಪುಟ ಓದ್ಕೊಂಡು ಬನ್ನಿ' ಎನ್ನುತ್ತಾರೆ. ಈಗ ಅಲ್ಲಿ ಓದುವವರೆಂದರೆ ಬಹುಮಟ್ಟಿಗೆ ಆ ಹುಡುಗಿಯರೇ. ನೀವು ಶೆಡ್ಡನ್ನು ಮುಚ್ಚಿ ಪೊನ್ನಮ್ಮನವರನ್ನು ಕಳಿಸಿದರೆ ಗ್ರಂಥಾಲಯಕ್ಕೂ ಬೀಗ ಬೀಳುತ್ತದೆ. ಆಗ ಅಲ್ಲಿ ನಾನು ಕೇಳಿದ್ದ ಮೌನ ಖಂಡಿತ ಸಿಗುತ್ತದೆ. ಸರಸ್ವತಿ ಒಳಗೆ ಕೂತೇ ಇರುತ್ತಾಳೆ. ಹೊರಗೆ ಬರಲು ಬೀಗದ ಕೈ ಇರುವುದಿಲ್ಲ.

ಪೊನ್ನಮ್ಮ ದೂರನ್ನು ಹಿಂತೆಗೆದುಕೊಳ್ಳಬಹುದಿತ್ತು. ನಾನೇ ಕರಡು ಬರೆದು ತೆಗೆದುಕೊಂಡು ಹೋದೆ. ಅವರು ಒಪ್ಪಲಿಲ್ಲ.

'ನನ್ನ ಮೇಲಿರೋ ದೂರನ್ನ ನಾನೇ ವಾಪಸ್ ತಗೊಂಡ್ರೆ ಎಂಥ ಮರ್ಯಾದೆ ಸರ್? ಲೈಬ್ರರಿಗೆ ನಿಜವಾಗ್ಲೂ ತೊಂದ್ರೆ ಉಂಟಾ ಅಂತ ಮೊದ್ಲು ನೋಡ್ಬೇಕಲ್ಲ. ಅದನ್ನ ನೋಡ್ಲಿಕ್ಕೇ ನಾಲ್ಕು ದಿನ ಪ್ರಯತ್ನ ಮಾಡ್ದೆ. ನಾನು ಇಲ್ಲಿ ಬಂದು ಕೂತ್ರೆ ಅಲ್ಲಿ ಯಾರೂ ಹಾರೋದಿಲ್ಲ. ಅಲ್ಲಿ ಹೋಗಿ ಹಾರಿಸಿದ್ರೆ ಇಲ್ಲಿ ಕೇಳ್ಲಿಕ್ಕೆ ನಾನಿರೋದಿಲ್ಲ. ಎಂಥ ಮಾಡೋದು, ನೀವೇ ಹೇಳಿ.'

ಇಂಥವರನ್ನು ನೀವು ಪರೀಕ್ಷಾ ವಿಭಾಗಕ್ಕೆ ಹಾಕುತ್ತಿದ್ದೀರಿ. ಅಲ್ಲಿಯವರು ಎಚ್ಚರದಿಂದ ಇರಲಿ.

'ಪದಕ ಎಷ್ಟು?' ಎಂದು ನಿಮ್ಮ ಆದೇಶದ ಮೂರನೇ ಕಂಡಿಕೆ ಪರೋಕ್ಷವಾಗಿ ಕೇಳುತ್ತದೆ. 'ಗಮನಾರ್ಹ ಸಾಧನೆ ಕಂಡುಬಂದಿರುವುದಿಲ್ಲ' ಎಂದು ಅದೇ ಉತ್ತರಿಸಿಯೂ ಬಿಡುತ್ತದೆ. ಒಂದೇ ಕಂಚು, 2009ರಲ್ಲಿ, ಉಷಾರಾಣಿ ಎಂಬ ಹುಡುಗಿಗೆ. ಇಪ್ಪತ್ತೇಳು ವರ್ಷಕ್ಕೆ ಒಂದು ಕಂಚು. ಹಾಕಿಯ ಊರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ಪೊನ್ನಮ್ಮನವರೂ ನಗುತ್ತಾರೆ. ಆದರೆ ನಿಮ್ಮ ನಮೂನೆಯಲ್ಲಿ ಇಲ್ಲದ ಒಂದು ಲೆಕ್ಕ ನಮ್ಮ ಊರಿನಲ್ಲಿದೆ. ಇದು ಏಣಿಗಳ ಜಿಲ್ಲೆ. ಜನವರಿಯಿಂದ ಮಾರ್ಚಿನವರೆಗೆ ಅರ್ಧ ಊರು ಸಿಲ್ವರ್ ಮರಕ್ಕೆ ಒಂಟಿ ಏಣಿ ಹಾಕಿ ಅದಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯುತ್ತಿರುತ್ತದೆ. ಪ್ರತಿವರ್ಷ ಒಬ್ಬರೋ ಇಬ್ಬರೋ ಬಿದ್ದು ಸೊಂಟ ಕಳೆದುಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಪೊನ್ನಮ್ಮನವರ ಹಳೆಯ ಶಿಷ್ಯ ಉದಯ ತನ್ನ ತೋಟದಲ್ಲಿ ಹದಿನೈದಡಿ ಮೇಲಿನಿಂದ ಜಾರಿದ. ಕೆಳಗೆ ಕೊಯ್ಯುತ್ತಿದ್ದ ಹೆಂಗಸರು ಕಿರುಚಿಕೊಂಡರು. ಅವನು ಉಂಡೆಯಾಗಿ ಉರುಳಿ ಕಾಫಿ ಗಿಡದ ಬುಡದಲ್ಲಿ ಎದ್ದು ಕೂತು, ಏಣಿಯನ್ನು ಅದರ ತಂದೆತಾಯಿ ಸಮೇತ ಬೈದನಂತೆ. ಭುಜ ತರಚಿತ್ತು, ಅಷ್ಟೆ. ಕಳೆದ ಮಳೆಗಾಲದಲ್ಲಿ ಪಾಚಿಕಟ್ಟಿದ ಮೆಟ್ಟಿಲಲ್ಲಿ ನಾನೂ ಜಾರಿದೆ. ಎಪ್ಪತ್ಮೂರು ವರ್ಷ ನನಗೆ. ಗಾಳಿಯಲ್ಲಿ ಇದ್ದ ಆ ಅರ್ಧ ಕ್ಷಣದಲ್ಲಿ 'ಕೈ ಬೊತ್ತು' ಎಂದು ಕಿವಿಯಲ್ಲಿ ಕೇಳಿಸಿತು. ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದ ಡಾಕ್ಟರು, 'ಈ ವಯಸ್ಸಿನಲ್ಲಿ ಹೀಗೆ ಬೀಳೋದು ಎಲ್ಲಿ ಕಲಿತ್ರಿ ತಾತಾ?' ಎಂದು ಕೇಳಿದರು. ಮುರಿಯದ ಮೂಳೆಗೆ ಕಂಚು ಕೊಡುವ ಪದ್ಧತಿ ಇದ್ದಿದ್ದರೆ ಪೊನ್ನಮ್ಮನವರ ಶೆಡ್ಡಿನಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಆದೇಶದ ನಾಲ್ಕನೇ ಕಂಡಿಕೆ, 'ತರಬೇತಿ ನಿಯಮಿತವಾಗಿ ನಡೆದಿರುವ ಬಗ್ಗೆ ಆರಂಭಿಕ ವರ್ಷಗಳ ದಾಖಲೆಗಳು ಲಭ್ಯವಿರುವುದಿಲ್ಲ' ಎನ್ನುತ್ತದೆ. 2007ರ ಮಳೆಗಾಲದಲ್ಲಿ ಕಚೇರಿ ಕೋಣೆಗೆ ನೀರು ನುಗ್ಗಿ ಕಾಲೇಜಿನ ಹಾಜರಿ ಪುಸ್ತಕಗಳು ಮುದ್ದೆಯಾದವು, ನಿಜ. ಆದರೆ ದಾಖಲೆ ಇದೆ. ನಿಮ್ಮ ಕೈಯಲ್ಲೇ ಇದೆ. ಅನುಬಂಧ ಎರಡನ್ನು ಇನ್ನೊಮ್ಮೆ ತೆರೆದು ನೋಡಿ. ಎರಡು ತಿಂಗಳು, ಭಾನುವಾರ ಬಿಟ್ಟು ಒಂದು ದಿನವೂ ಖಾಲಿ ಇಲ್ಲ. ಜುಲೈ ಇಪ್ಪತ್ತೊಂದು, ಮಳೆಗೆ ಜಿಲ್ಲೆಗೇ ರಜೆ: ಧಡ್ — 9. ಆಗಸ್ಟ್ ಹದಿನೈದು, ಭಾನುವಾರವೇ ಆದರೂ, ಧ್ವಜಾರೋಹಣ ಮುಗಿದ ಮೇಲೆ: ಧಡ್ — 12. ಆಗಸ್ಟ್ ಇಪ್ಪತ್ತಾರು: ಧಡ್ — 41. ಒಬ್ಬ ತರಬೇತುದಾರರ ಶ್ರದ್ಧೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಇಲಾಖೆಯಲ್ಲಿದೆ? ಸ್ನೇಹಿತ ಬರೆದ ಪ್ರಶಂಸಾಪತ್ರವಾದರೆ ನೀವು ಅನುಮಾನಿಸಬಹುದು. ಇದನ್ನು ಬರೆದವನು ಅವರನ್ನು ಓಡಿಸಬೇಕೆಂದು ಪಣತೊಟ್ಟವನು. ಒಂದು ಧಡ್ಡನ್ನೂ ಅವನು ಪ್ರೀತಿಯಿಂದ ಬರೆದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಕಾಗದವನ್ನು ದೂರುಗಳ ಕಡತದಿಂದ ತೆಗೆದು ಪೊನ್ನಮ್ಮನವರ ಸೇವಾ ಪುಸ್ತಕದಲ್ಲಿ ಇರಿಸಿ. ಆಗ ಅದು ದೂರಾಗಿ ಉಳಿಯುವುದಿಲ್ಲ, ಆದೇಶಕ್ಕೆ ಆಧಾರವೂ ಉಳಿಯುವುದಿಲ್ಲ. ಹಿಂತೆಗೆದುಕೊಳ್ಳುವ ಅಗತ್ಯವೇ ಬರುವುದಿಲ್ಲ, ಯಾರ ಮರ್ಯಾದೆಗೂ ಕುಂದಿಲ್ಲ. ಕಡತ ವಿಲೇವಾರಿಯಾಯಿತೆಂದು ನೀವೂ ಲೆಕ್ಕ ತೋರಿಸಬಹುದು. ಶೆಡ್ಡು ಹಾಗೆಯೇ ಇರಲಿ. ಮೂವತ್ತೊಂದರೊಳಗೆ ಇದು ಆಗಬೇಕು. ನಿಮ್ಮ ಕಚೇರಿ ಬೇಗ ಕೆಲಸ ಮಾಡಬಲ್ಲದು ಎಂದು ಈಗ ನಮಗೆ ಗೊತ್ತಾಗಿಬಿಟ್ಟಿದೆ; ತಪ್ಪಿಸಿಕೊಳ್ಳಲಾರಿರಿ.

ಅನುಮಾನವಿದ್ದರೆ ಯಾವುದಾದರೂ ಸಂಜೆ ನಾಲ್ಕೂವರೆಗೆ ಬನ್ನಿ. ಗ್ರಂಥಾಲಯದಲ್ಲಿ ನನ್ನ ಹಳೆಯ ಕುರ್ಚಿ ಇನ್ನೂ ಇದೆ, ಅದರಲ್ಲಿ ಕೂತು ಕೇಳಿ. ಅಶ್ವಿತಾ ಓಡಿಬರುವುದು ಕೇಳುತ್ತದೆ, ಆಮೇಲೆ ಏನೂ ಕೇಳದ ಒಂದು ಗಳಿಗೆ, ಆಮೇಲೆ ಧಡ್. ನಾನು ಅಷ್ಟನ್ನು ಬರೆದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ನೀವು ಹಾಗೆ ಮಾಡಬೇಡಿ. ಎದ್ದು, ಇಪ್ಪತ್ತು ಹೆಜ್ಜೆ ನಡೆದು, ಆ ಬಾಗಿಲಲ್ಲಿ ನಿಂತು ನೋಡಿ. ಬಿದ್ದವಳು ಮೈಮೇಲಿನ ಹೊಟ್ಟು ಕೊಡವಿಕೊಂಡು ಎದ್ದು ಮತ್ತೆ ಓಟದ ಗೆರೆಗೆ ನಡೆಯುತ್ತಿರುತ್ತಾಳೆ. ನನ್ನ ರಿಜಿಸ್ಟರಿನಲ್ಲಿ ಆ ಸಾಲು ಇಲ್ಲ. ಬೀಳುವುದು ಗೋಡೆಯಾಚೆಗೆ ಕೇಳಿಸುತ್ತದೆ, ಏಳುವುದು ಕೇಳಿಸುವುದಿಲ್ಲ.

ಇಂತಿ,
ಇಪ್ಪತ್ತಾರು ವರ್ಷಕ್ಕೆ ನ್ಯಾಯ ದೊರಕಿ ಕಂಗಾಲಾಗಿರುವ,
ಈ ಸಲ ಮೊಹರಿಲ್ಲದೆ ಸ್ವಂತ ಹೆಸರು ಹಾಕುತ್ತಿರುವ,
ಸಣ್ಣಸ್ವಾಮಿ
ನಿವೃತ್ತ ಗ್ರಂಥಪಾಲಕ